ಆಫೀಸು ಬಿಟ್ಟ ಮೇಲಿನ ಬೇಸ್ ಗಿಟಾರ್
ನವೆಂಬರ್ ಬಂತೆಂದರೆ ಬೆಂಗಳೂರಿನ ಆರ್ಕೆಸ್ಟ್ರಾದವರಿಗೆ ಬಿಡುವಿಲ್ಲ. ರಾಜ್ಯೋತ್ಸವ 1ನೇ ತಾರೀಖಿಗೆ ಮುಗಿಯದೆ ಬಡಾವಣೆಯಿಂದ ಬಡಾವಣೆಗೆ ತಿಂಗಳಿಡೀ ನಡೆಯುತ್ತದೆ. ಹಗಲು ಆಫೀಸಿನಲ್ಲಿ ಲೆಕ್ಕ ನೋಡುವ ನಾನು ಸಂಜೆ ಆ ವೇದಿಕೆಗಳಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ನಾಲ್ಕೇ ತಂತಿ. ಅತಿ ದಪ್ಪನೆಯದರ ಸ್ವರ ಸುಮಾರು 41 ಹರ್ಟ್ಸ್, ಕಿವಿಯಷ್ಟೇ ಎದೆಗೂ ತಾಗುವಂಥದ್ದು. ಡ್ರಮ್ಸ್‌ನವರ ಬಲಗಾಲು ಪೆಡಲ್ ಒತ್ತುವ ಕ್ಷಣಕ್ಕೇ ನನ್ನ ಬೆರಳೂ ಬೀಳಬೇಕು. ಅವೆರಡು ಕೂಡಿದರೆ ಹಾಡುವವರು ನಿಶ್ಚಿಂತೆಯಿಂದ ಹಾಡುತ್ತಾರೆ. ಕೂಡದಿದ್ದರೆ, ಏನು ತಪ್ಪಿತೆಂದು ತಿಳಿಯದಿದ್ದರೂ, ಮುಂದಿನ ಸಾಲಿನವರು ಮಾತಿಗಿಳಿಯುತ್ತಾರೆ. (ಬೇಸ್ ಕೇಳಿಸುವುದೇ ಇಲ್ಲ ಎನ್ನುವವರು ಅದು ನಿಂತಾಗ ಕೇಳಬೇಕು.) ರಾತ್ರಿ 10ಕ್ಕೆ ಸಾಮಾನ್ಯವಾಗಿ ಧ್ವನಿವರ್ಧಕ ನಿಲ್ಲಲೇಬೇಕು, 2000ದ ಶಬ್ದಮಾಲಿನ್ಯ ನಿಯಮ ಹಾಗಿದೆ. ಆದ್ದರಿಂದ ಆಫೀಸಿನಿಂದ ಹೊತ್ತಿಗೆ ಸರಿಯಾಗಿ ಹೊರಬೀಳುವುದೇ ನಮಗೆ ಮುಖ್ಯ. ಇದನ್ನು ಬರೀ ಹವ್ಯಾಸ ಎಂದರೆ ನಾನು ಒಪ್ಪುವುದಿಲ್ಲ. ಸಿ. ಅಶ್ವತ್ಥ್ ಐಟಿಐ ಟೆಲಿಫೋನ್ ಕಾರ್ಖಾನೆಯ ನೌಕರಿಯಲ್ಲಿದ್ದುಕೊಂಡೇ ಕವಿತೆಗಳಿಗೆ ರಾಗ ಕಟ್ಟಿದವರು. 2005ರಲ್ಲಿ ಅರಮನೆ ಮೈದಾನದಲ್ಲಿ ನಡೆದ ಅವರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮಕ್ಕೆ ಜನ ಕಿಕ್ಕಿರಿದು ಬಂದರು. ನಮ್ಮ ತಂಡದ ಕೀಬೋರ್ಡಿನವರು ಬ್ಯಾಂಕಿನಲ್ಲಿದ್ದಾರೆ, ತಬಲಾದವರು ಶಾಲೆಯ ಮೇಷ್ಟ್ರು. ವಾರದ ಒಂದೇ ರಜೆಯನ್ನು ಅಭ್ಯಾಸಕ್ಕೆ ಕೊಡುವ ಇವರನ್ನು ನಾನು ಕಲಾವಿದರೆಂದೇ ಕರೆಯುತ್ತೇನೆ.