ಹೈಸ್ಕೂಲು ಹುಡುಗಿಯರ ಗೆಳೆತನ: ಒಂದು ಕಥಾಮಾಲೆಯ ನೆವದಿಂದ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಆಗ್ರಹಪಡಿಸಿದ್ದಾರೆ. ಶಾಲೆಗೆ ಜಾಗ ಕೊಟ್ಟ ದಾನಿಗಳನ್ನೂ, ಕನ್ನಡ ತರಗತಿಗಳ ಮಂಜೂರಾತಿಗಾಗಿ ಸೊಲ್ಲಾಪುರಕ್ಕೂ ಪುಣೆಗೂ ಎಡತಾಕಿದ ಹಿರಿಯರನ್ನೂ ಕುರಿತು ನನಗಿಂತ ಬಲ್ಲವರು ಬರೆಯುತ್ತಿದ್ದಾರೆ. ಆ ಕೆಲಸ ಅವರಿಗಿರಲಿ. ನಾನು ಹೈಸ್ಕೂಲು ಹುಡುಗಿಯರ ಗೆಳೆತನವನ್ನು ಕುರಿತ ಒಂದು ಆಂಗ್ಲ ಕಥಾಮಾಲೆಯ ವಿಷಯವಾಗಿ ಬರೆಯಬಯಸುತ್ತೇನೆ. ಸುವರ್ಣ ಮಹೋತ್ಸವಕ್ಕೂ ಇದಕ್ಕೂ ಏನು ಸಂಬಂಧವೆನ್ನುವವರು ಕೊಂಚ ತಾಳ್ಮೆಯಿಂದ ಓದಬೇಕೆಂದು ವಿನಂತಿ.

ಎನಿಡ್ ಬ್ಲೈಟನ್ ಎಂಬ ಲೇಖಕಿ 1946ರಿಂದ 1951ರವರೆಗೆ ವರ್ಷಕ್ಕೊಂದರಂತೆ ಪ್ರಕಟಿಸಿದ ಆರು ಪುಸ್ತಕಗಳ ಮಾಲೆಯಿದು. ಹೆಸರು 'ಮ್ಯಾಲರಿ ಟವರ್ಸ್'. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಸೀಮೆಯಲ್ಲಿ, ಕಡಲ ದಂಡೆಯ ಮೇಲೆ, ನಾಲ್ಕು ಗೋಪುರಗಳ ಒಂದು ವಸತಿ ಶಾಲೆ. ಹನ್ನೆರಡು ವರ್ಷದ ಡ್ಯಾರೆಲ್ ರಿವರ್ಸ್ ಎಂಬ ಮುಂಗೋಪದ ಹುಡುಗಿ ಅಲ್ಲಿಗೆ ಸೇರುವಲ್ಲಿಂದ ವ್ಯಾಸಂಗ ಮುಗಿಸಿ ಹೊರಡುವವರೆಗಿನ ಕಥೆ. ನಂಬಿಕೆಯ ಸ್ಯಾಲಿ, ಚುರುಕು ನಾಲಿಗೆಯ ಅಲಿಷಿಯಾ, ಪುಕ್ಕಲು ಮೇರಿ ಲೂ, ಯಾರಿಗೂ ಬೇಡವಾದ ಗ್ವೆಂಡೊಲಿನ್ ಇವಳ ಸಹಪಾಠಿಗಳು. ಬ್ಲೈಟನ್ ಲೇಖಕಿಯಾಗುವ ಮುನ್ನ ಶಿಕ್ಷಕಿಯಾಗಿ ತರಬೇತಿ ಹೊಂದಿ ಕಲಿಸಿದವರು. ಪುಟಪುಟದಲ್ಲಿ ಅದು ಕಾಣುತ್ತದೆ. ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮಾಡಿದ ನಾನು, ಮೊಮ್ಮಗಳು ಬಿಟ್ಟುಹೋದ ಈ ಪುಸ್ತಕಗಳನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದೆ. ನಿಘಂಟಿನ ಅವಶ್ಯಕತೆ ಹೆಚ್ಚು ಬೀಳಲಿಲ್ಲ.

ಹುಡುಗಿಯರ ಸ್ನೇಹ, ಮುನಿಸು, ರಾಜಿಗಳೆಲ್ಲ ಬರಿಯ ಹರಟೆಯೆಂದು ನಮ್ಮ ಸಮಾಜ ತಿಳಿದಿದೆ. ಬ್ಲೈಟನ್ ಹಾಗೆ ತಿಳಿಯಲಿಲ್ಲ. ಎರಡನೆಯ ಪುಸ್ತಕದಲ್ಲಿ ಎಲೆನ್ ಎಂಬ ಹುಡುಗಿ ವಿದ್ಯಾರ್ಥಿವೇತನದ ಬಲದಿಂದ ಆ ಶಾಲೆಗೆ ಬರುತ್ತಾಳೆ. ಸ್ಥಿತಿವಂತರ ಮನೆಯವಳಲ್ಲ. ಅವಳ ಸಮವಸ್ತ್ರಕ್ಕೆಂದು ಮನೆಯವರು ಮಾಡಿದ ಖರ್ಚು ಅವಳ ಎದೆಯ ಮೇಲೆ ಕುಳಿತಿದೆ. ಓದಿ ಓದಿ ಬಳಲಿ, ಎಲ್ಲರ ಮೇಲೂ ಸಿಡುಕಿ, ಕಡೆಗೆ ಪ್ರಶ್ನೆಪತ್ರಿಕೆಗಳನ್ನು ಕದ್ದು ನೋಡುವ ಯೋಚನೆಗೂ ಇಳಿಯುತ್ತಾಳೆ. ಅದೇ ವೇಳೆಗೆ ಹುಡುಗಿಯರ ಹಣದ ಚೀಲಗಳು ಕಳುವಾಗುತ್ತವೆ. ಗುಮಾನಿ ಬಡ ಎಲೆನ್ ಮೇಲೆಯೇ ಬರುತ್ತದೆ. ಕದ್ದವಳು ಮಾತ್ರ ಸಿರಿವಂತೆಯೆಂದು ಮೆರೆಯುತ್ತಿದ್ದ ಡಾಫ್ನಿ. ಬಿರುಗಾಳಿಯ ರಾತ್ರಿ ಕಡಲ ಕಡಿದಂಚಿನಿಂದ ಜಾರಿದ ಮೇರಿ ಲೂಳನ್ನು ಪ್ರಾಣದ ಹಂಗು ತೊರೆದು ಉಳಿಸಿದವಳೂ ಅದೇ ಡಾಫ್ನಿ. ಮುಖ್ಯಾಧ್ಯಾಪಿಕೆ ಮಿಸ್ ಗ್ರೇಲಿಂಗ್ ಅವಳನ್ನು ಒಮ್ಮೆಲೇ ಹೊರದೂಡುವುದಿಲ್ಲ. ಸಹಪಾಠಿಗಳೆದುರು ತಪ್ಪೊಪ್ಪಿಕೊಳ್ಳಲು ಹಚ್ಚಿ, ಇವಳು ಶಾಲೆಯಲ್ಲಿರಬೇಕೋ ಹೋಗಬೇಕೋ ಎಂಬ ನಿರ್ಣಯವನ್ನು ಆ ಹುಡುಗಿಯರಿಗೇ ಬಿಡುತ್ತಾರೆ. ಇರಲಿ ಎಂದು ಅವರು ಹೇಳುತ್ತಾರೆ.

ಈ ಭಾಗವನ್ನು ನಾನು ಎರಡು ಸಲ ಓದಿದೆ. ನಮ್ಮ ಕಡೆಯಾದರೆ ಪಾಲಕರನ್ನು ಕರೆಸಿ, ಶಾಲೆ ಬಿಟ್ಟ ದಾಖಲೆ ಕೈಗಿತ್ತು, ವಿಷಯ ಮುಗಿಯಿತೆನ್ನುವವರೇ ಬಹಳ. ಹದಿಮೂರು ವರ್ಷದ ಹುಡುಗಿಯರಿಗೆ ನ್ಯಾಯ ತೀರ್ಮಾನಿಸುವ ಶಕ್ತಿ ಉಂಟೆಂದು ನಂಬಬೇಕಾದರೆ, ಮೊದಲು ಅವರ ಗೆಳೆತನ ಗಂಭೀರ ವಿಷಯವೆಂದು ನಂಬಬೇಕು.

ಇವು ಶ್ರೀಮಂತರ ಮಕ್ಕಳ ಕಥೆಗಳೆಂಬ ಆಕ್ಷೇಪಣೆ ಸುಳ್ಳಲ್ಲ. ಇಂಗ್ಲೆಂಡಿನಲ್ಲಿಯೇ ಶಾಲೆ ಬಿಡುವ ಕನಿಷ್ಠ ವಯಸ್ಸು ಹದಿನೈದಕ್ಕೆ ಏರಿದ್ದು 1947ರಲ್ಲಿ. ಬಹುಪಾಲು ಹುಡುಗಿಯರು ಆ ವಯಸ್ಸಿಗೇ ದುಡಿಮೆಗೆ ಹೋಗುತ್ತಿದ್ದರು. ಆಹಾರದ ರೇಶನ್ ಅಲ್ಲಿ ಪೂರ್ತಿ ನಿಂತದ್ದು 1954ರಲ್ಲಿ. ಅಂದಮೇಲೆ ಮ್ಯಾಲರಿ ಟವರ್ಸಿನ ಹುಡುಗಿಯರು ನಡುರಾತ್ರಿ ಕದ್ದು ಮಾಡುವ ಔತಣಗಳ ವರ್ಣನೆಯನ್ನು ಅಲ್ಲಿನ ಮಕ್ಕಳು ರೇಶನ್ ಕಾಲದಲ್ಲಿ ಬಾಯಲ್ಲಿ ನೀರೂರಿಸಿಕೊಂಡು ಓದಿದರು. ರೇಶನ್ ಅಂಗಡಿಯ ಸಾಲು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ದೋಷಗಳೂ ಇವೆ. ಫ್ರೆಂಚ್ ಶಿಕ್ಷಕಿಯರು ಲೇಖಕಿಗೆ ನಗೆಯ ಸರಕು. ಅಮೆರಿಕೆಯಿಂದ ಬಂದ ಹುಡುಗಿಯ ಗತಿಯೂ ಅಷ್ಟೇ. ಗ್ವೆಂಡೊಲಿನ್‌ಗೆ ಸುಧಾರಿಸಲು ಐದು ವರ್ಷ ಅವಕಾಶವನ್ನೇ ಕೊಡದೆ, ಕೊನೆಯಲ್ಲಿ ತಂದೆಯ ಕಾಯಿಲೆಯಿಂದ ಬುದ್ಧಿ ಬರಿಸಿದ್ದು ನನಗೆ ಸರಿತೋರಲಿಲ್ಲ.

ಆದರೆ ಕೊನೆಯ ಪುಸ್ತಕದ ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ಡ್ಯಾರೆಲ್, ಸ್ಯಾಲಿ, ಅಲಿಷಿಯಾ ಮತ್ತು ಬೆಟ್ಟಿ ಒಟ್ಟಿಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯಕ್ಕೆ ಹೊರಡಲು ನಿಶ್ಚಯಿಸುತ್ತಾರೆ. ಬಿಲ್ ಮತ್ತು ಕ್ಲಾರಿಸಾ ಎಂಬ ಗೆಳತಿಯರಿಬ್ಬರು ಕೂಡಿ ಕುದುರೆ ಸವಾರಿಯ ಶಾಲೆ ತೆರೆಯಬೇಕೆನ್ನುತ್ತಾರೆ. ಶಾಲೆ ಮುಗಿದರೂ ಗೆಳೆತನ ಮುಂದುವರಿಯುವುದು ಅವರಿಗೆ ಸಹಜವಾದ ಮಾತು.

ನಮ್ಮಲ್ಲಿ? ಕಾಳಿದಾಸನ ನಾಟಕದಲ್ಲಿ ಶಕುಂತಲೆಯೊಡನೆ ಅನಸೂಯೆ ಪ್ರಿಯಂವದೆಯರೂ ಹಸ್ತಿನಾವತಿಗೆ ಹೋಗಬಾರದೇಕೆಂಬ ಮಾತು ಬರುತ್ತದೆ. ಇವರನ್ನೂ ಮದುವೆ ಮಾಡಿಕೊಡಬೇಕಾಗಿದೆ, ಅಲ್ಲಿಗೆ ಹೋಗುವುದು ಯುಕ್ತವಲ್ಲ ಎನ್ನುತ್ತಾನೆ ಕಣ್ವ. ಆಮೇಲೆ ಆ ಸಖಿಯರು ಏನಾದರೆಂದು ಕವಿ ಹೇಳುವುದಿಲ್ಲ. ನಮ್ಮ ಶಾಲೆಯ ಕಥೆಯೂ ಬೇರೆಯಲ್ಲ. ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿದೊಡನೆ ಒಬ್ಬಳು ಅಕ್ಕಲಕೋಟೆಯಲ್ಲಿ ಮರಾಠಿ ಮಾಧ್ಯಮದ ಹನ್ನೊಂದನೆಯದಕ್ಕೆ. ಇನ್ನೊಬ್ಬಳು ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೆಲವು ವರ್ಷ ಕಾದು ಆಳಂದಕ್ಕೋ ಇಂಡಿಗೋ ಸೊಸೆಯಾಗಿ. ಐದು ವರ್ಷ ಒಂದೇ ಬೆಂಚಿನಲ್ಲಿ ಕುಳಿತವರು ಮತ್ತೆ ಭೇಟಿಯಾಗುವುದು ಯಾರದೋ ಮದುವೆಯಲ್ಲಿ, ಅದೂ ಅಡುಗೆಮನೆಯ ಗದ್ದಲದಲ್ಲಿ. ಗಂಡುಮಕ್ಕಳಿಗೆ ಹಾಗಲ್ಲ, ಅವರಿಗೆ ಎಸ್.ಟಿ. ನಿಲ್ದಾಣದ ಚಹದಂಗಡಿಯಿದೆ, ಹಳೆಯ ವಿದ್ಯಾರ್ಥಿ ಸಂಘವಿದೆ. ಸಂಘದ ಭಾವಚಿತ್ರಗಳನ್ನು ನೋಡಿರಿ, ಈ ಶಾಲೆಯಲ್ಲಿ ಹುಡುಗಿಯರು ಕಲಿತೇ ಇಲ್ಲವೇನೋ ಎನಿಸುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಆ ಆರು ಪುಸ್ತಕಗಳು ನಮ್ಮ ವಾಚನಾಲಯಕ್ಕೆ ಬರಲಿ. ಎಂಟನೆಯ ಇಯತ್ತೆಯ ಹುಡುಗಿಯರಿಗೆ ಇಂಗ್ಲಿಷ್ ಶಿಕ್ಷಕರು ವಾರಕ್ಕೊಂದು ಪ್ರಕರಣ ಓದಿ ಹೇಳಲಿ. ಅದಕ್ಕಿಂತ ಮಿಗಿಲಾಗಿ, ಇಂಥ ಕಥೆಗಳು ಕನ್ನಡದಲ್ಲಿ ನಮ್ಮ ಮಣ್ಣಿನಿಂದಲೇ ಹುಟ್ಟಲಿ. ಕಾರ್ನ್‌ವಾಲಿನ ಕಡಲು ನಮಗೆ ಬೇಡ, ಬಿಳಿಜೋಳದ ಹೊಲ ಸಾಕು. ನಡುರಾತ್ರಿಯ ಔತಣಕ್ಕೆ ಬದಲು ಎಳ್ಳಮಾವಾಸ್ಯೆಯ ಚರಗವುಂಟು. ಸಜ್ಜೆ ಕಡಬು, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋದ ಗೆಳತಿಯರ ನಡುವೆ ಏನೇನು ಮಾತಾಯಿತೆಂದು ಬರೆಯಬಲ್ಲವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಇದ್ದಾರೆ. ಶಿಕ್ಷಕಿಯರಾದವರು, ದಾದಿಯರಾದವರು, ಮನೆಯನ್ನೇ ನಡೆಸುತ್ತಿರುವವರು ಎಲ್ಲರೂ ಬರೆಯಬಹುದು. ವ್ಯಾಕರಣ ತಿದ್ದಿಕೊಡುವ ಹೊಣೆ ನನ್ನದು.

ಮಹೋತ್ಸವ ಸಮಿತಿಯವರಲ್ಲಿ ಒಂದು ಬೇಡಿಕೆ. ಹೆಣ್ಣುಮಕ್ಕಳ ಆಮಂತ್ರಣ ಪತ್ರಿಕೆಗಳ ಮೇಲೆ ಗಂಡನ ಮನೆಯ ಹೆಸರಿನ ಜೊತೆಗೆ ಶಾಲೆಯ ಹಾಜರಿ ಪುಸ್ತಕದಲ್ಲಿದ್ದ ತವರಿನ ಹೆಸರನ್ನೂ, ಹತ್ತನೆಯ ಇಯತ್ತೆ ಮುಗಿಸಿದ ವರ್ಷವನ್ನೂ ಬರೆಯಿರಿ. ಸಮಾರಂಭದ ದಿನ ವಾಚನಾಲಯದಲ್ಲಿ ಒಂದು ದಪ್ಪ ನೋಟುಬುಕ್ಕು ಇರಿಸಲಿದ್ದೇನೆ. ಬಂದ ಹೆಣ್ಣುಮಕ್ಕಳು ತಮ್ಮ ಪಕ್ಕದಲ್ಲಿ ಕುಳಿತಿದ್ದ ಗೆಳತಿಯ ಹೆಸರನ್ನೂ, ಈಗ ಆಕೆ ಯಾವ ಊರಿನಲ್ಲಿದ್ದಾಳೆಂಬುದು ತಿಳಿದಿದ್ದರೆ ಅದನ್ನೂ ಅದರಲ್ಲಿ ಬರೆಯಬೇಕು.