ಬ್ಯಾಟರಿ ಸೈಕಲ್: ಕೊಳ್ಳುವ ಮುನ್ನ ಲೆಕ್ಕ ಹಾಕೋಣ

ಹಂಪಿಯಲ್ಲಿ ಪ್ರವಾಸಿಗರಿಗೆ ಸೈಕಲ್ ಬಾಡಿಗೆಗೆ ಕೊಡುವವರಾಗಲಿ, ಹೊಸಪೇಟೆಯಲ್ಲಿ ಮನೆಮನೆಗೆ ಸರಕು ತಲುಪಿಸುವ ವರ್ತಕರಾಗಲಿ ಬ್ಯಾಟರಿ ಸೈಕಲ್ಲಿನತ್ತ ಒಲವು ತೋರುವುದು ಸಹಜ. ಆದರೆ "ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್" ಎಂಬ ಮಾತನ್ನಷ್ಟೇ ನಂಬಿ ಬಂಡವಾಳ ಹೂಡುವುದು ವ್ಯಾಪಾರ ಧರ್ಮವಲ್ಲ. ನಮ್ಮ ದಾರಿಗೆ, ನಮ್ಮ ಹೊರೆಗೆ ತಕ್ಕ ಲೆಕ್ಕವನ್ನು ನಾವೇ ಮಾಡಬೇಕು. ಅದಕ್ಕೆ ಅಂಗಡಿಯ ಗಣಕಯಂತ್ರದಲ್ಲಿರುವ ಸ್ಪ್ರೆಡ್‌ಶೀಟ್ ಸಾಕು.

36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 360 ವ್ಯಾಟ್-ಅವರ್. ಅದರ ಶೇ. 80 ಭಾಗ, ಅಂದರೆ 288 ಮಾತ್ರ ಬಳಕೆಗೆ ದೊರೆಯುವುದೆಂದು ಹಿಡಿಯೋಣ. ಸವಾರ, ಸೈಕಲ್, ಸರಕು ಸೇರಿ 100 ಕಿಲೋ ತೂಕವಿದ್ದು, ತುಳಿಯದೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಮತಟ್ಟು ರಸ್ತೆಯಲ್ಲಿ ಸಾಗಿದರೆ, ಚಕ್ರದ ಘರ್ಷಣೆ, ಗಾಳಿಯ ತಡೆ ಹಾಗೂ ಮೋಟಾರಿನ ನಷ್ಟ ಸೇರಿ ಕಿ.ಮೀ.ಗೆ ಸುಮಾರು 8 ವ್ಯಾಟ್-ಅವರ್ ವೆಚ್ಚವಾಗುತ್ತದೆ. ಒಟ್ಟು 36 ಕಿ.ಮೀ. ಸಾಗಬಹುದು. ಅದೇ ಹೊರೆಯನ್ನು 100 ಮೀಟರ್ ಎತ್ತರಕ್ಕೆ ಏರಿಸಲು, ಮೋಟಾರಿನ ದಕ್ಷತೆ ಶೇ. 75 ಇದ್ದರೆ, ಇನ್ನೂ 36 ವ್ಯಾಟ್-ಅವರ್ ಬೇಕು. ನಾಲ್ಕೂವರೆ ಕಿ.ಮೀ. ದೂರ ಅಲ್ಲಿಗೇ ಕರಗಿತು. ಬ್ರೇಕ್ ಹಿಡಿದು ಇಳಿಯುವ ದಾರಿಯಲ್ಲಿ ಅದು ಮರಳಿ ಬಾರದು.

ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿ.ಮೀ. ಹೋಗಿ ಬರಲು 208 ವ್ಯಾಟ್-ಅವರ್ ಸಾಕು. ಸುಮಾರು 30 ಕಿ.ಮೀ. ದೂರದ ಸಂಡೂರಿಗಾದರೋ ಹೋಗುವುದಕ್ಕೇ 240 ಬೇಕು. ದಾರಿಯ ಏರುಗಳೆಲ್ಲ ಸೇರಿ 100 ಮೀಟರ್ ಆದರೂ ವೆಚ್ಚ 276ಕ್ಕೇರಿ ಬ್ಯಾಟರಿ ಬಹುತೇಕ ಬರಿದಾಗುತ್ತದೆ. ಅಲ್ಲಿ ಚಾರ್ಜ್ ಮಾಡುವ ವ್ಯವಸ್ಥೆಯಿಲ್ಲದೆ ಮರಳುವ ಮಾತಿಲ್ಲ.

ಏರಿನಲ್ಲಿ ವೇಗವೂ ಕುಗ್ಗುತ್ತದೆ. 250 ವ್ಯಾಟ್ ಮೋಟಾರು ಈ ಹೊರೆಯೊಡನೆ ಶೇ. 5ರ ಏರನ್ನು ಗಂಟೆಗೆ ಸುಮಾರು 14 ಕಿ.ಮೀ., ಶೇ. 10ರ ಏರನ್ನು ಕೇವಲ 8 ಕಿ.ಮೀ. ವೇಗದಲ್ಲಿ ಹತ್ತಬಲ್ಲದು. ಇಷ್ಟು ನಿಧಾನಗತಿಯಲ್ಲಿ ಚಕ್ರದೊಳಗಿನ ಮೋಟಾರು ವಿದ್ಯುತ್ತಿನ ಹೆಚ್ಚಿನ ಪಾಲನ್ನು ಶಾಖವಾಗಿ ಕಳೆದು, ತಾನೇ ಸುಟ್ಟುಹೋಗುವ ಸಂಭವವೂ ಉಂಟು.

ಆದ್ದರಿಂದ ಸದಸ್ಯರು ದರಪಟ್ಟಿಯಲ್ಲಿ ಬ್ಯಾಟರಿಯ ವ್ಯಾಟ್-ಅವರ್, ಮೋಟಾರಿನ ಸಾಮರ್ಥ್ಯ ಹಾಗೂ ಸೈಕಲ್ಲಿನ ತೂಕವನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ನಮ್ಮ ಸಂಸ್ಥೆಯು ಹಂಪಿ, ಕಂಪ್ಲಿ, ಸಂಡೂರು ಮಾರ್ಗಗಳ ಏರಿಳಿತವನ್ನು ಒಮ್ಮೆ ಅಳೆಸಿ, ತೂಕ ಮತ್ತು ದೂರ ತುಂಬಿದೊಡನೆ ಉತ್ತರ ನೀಡುವ ಕನ್ನಡದ ಲೆಕ್ಕದ ಹಾಳೆಯೊಂದನ್ನು ಸಿದ್ಧಪಡಿಸಿ ಹಂಚುವುದು ಸೂಕ್ತ. ಅದರ ವೆಚ್ಚ ಅಲ್ಪ. ಲೆಕ್ಕವಿಲ್ಲದೆ ಕೊಂಡ ಹತ್ತು ಸೈಕಲ್ಲುಗಳು ಮೂಲೆ ಸೇರಿದರೆ ಆಗುವ ನಷ್ಟ ಅಲ್ಪವಲ್ಲ.