ಅಡಿಗೆಯ ಮನೆ: ಪೂರ್ವದೇಶದ ರುಚಿಯೂ ನಮ್ಮ ಊರಿನ ತೆಂಗೂ

ಊಟ ತಿಂಡಿಗಳ ವಿಷಯದಲ್ಲಿ ಒಂದೇ ಮನೆಯವರು ಎರಡು ಬಗೆಯಾಗಿ ಮಾತನಾಡುವುದನ್ನು ನಮ್ಮ ವಾಚಕರು ಕೇಳಿಯೇ ಇರುವರು. ಹೊಸ ತಿಂಡಿಯೊಂದರ ಹೆಸರು ಕಿವಿಗೆ ಬಿದ್ದೊಡನೆ ಹಿರಿಯರು, ಇದೆಲ್ಲಿಯ ಪರದೇಶದ ಚಪಲವೆಂದು ಮೂಗು ಮುರಿಯುವರು. ಕಿರಿಯರಾದರೋ ತಟ್ಟೆಯಲ್ಲಿನ ಉಪ್ಪಿಟ್ಟನ್ನು ಹಾಗೆಯೇ ಬಿಟ್ಟು, ಸಂಜೆಯಾಯಿತೆಂದರೆ ಬೀದಿಯ ಮೂಲೆಯ ಗಾಡಿಯ ಕಡೆ ನೋಡುವರು. ಇವರಿಬ್ಬರ ನಡುವೆ ಸಿಕ್ಕಿಕೊಳ್ಳುವವಳು ಒಲೆಯ ಮುಂದೆ ನಿಂತ ಗೃಹಿಣಿ. ನಾವು ಈ ತಿಂಗಳು ಹೇಳಬೇಕೆಂದಿರುವುದು ಇಷ್ಟೆ: ಹಿರಿಯರು ತಿಳಿದಷ್ಟು ಈ ತಿಂಡಿಗಳು ನಮಗೆ ಪರಕೀಯವಲ್ಲ, ಕಿರಿಯರು ತಿಳಿದಂತೆ ಅವು ಮನೆಯಲ್ಲಿ ಮಾಡಲಾಗದವೂ ಅಲ್ಲ. ನಮ್ಮ ಶಾವಿಗೆಯ ಒರಳು, ಇಡ್ಲಿಯ ಪಾತ್ರೆ, ತೆಂಗಿನ ತುರಿಮಣೆ, ಇವುಗಳಿಂದಲೇ ಅವುಗಳಲ್ಲಿ ಹಲವನ್ನು ಮಾಡಬಹುದು.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲನ್ನು ತೆಗೆದುಕೊಳ್ಳೋಣ. ಕಾವಲ್ ಎಂಬ ಹೆಸರೇ ದನಕರುಗಳು ಮೇಯುವ ಹುಲ್ಲುಗಾವಲನ್ನು ಸೂಚಿಸುವುದು. ಅಂತಹ ನೆಲದಲ್ಲಿ ಹೆಲಿಕಾಪ್ಟರುಗಳನ್ನು ತಯಾರಿಸುವ ಎಚ್.ಎ.ಎಲ್. ಸಂಸ್ಥೆಯ ಕಾರ್ಖಾನೆಗೆ 2016ನೆಯ ಇಸವಿಯ ಜನವರಿಯಲ್ಲಿ ಅಸ್ತಿಭಾರವನ್ನು ಹಾಕಿದರು. 2023ನೆಯ ಇಸವಿಯ ಫೆಬ್ರವರಿ 6ರಂದು 615 ಎಕರೆಯ ಆ ಕಾರ್ಖಾನೆಯ ಪ್ರಾರಂಭೋತ್ಸವವಾಯಿತು. ಕೆಲಸವಿರುವ ಕಡೆಗೆ ಜನ ಬರುವರು. ಜನ ಬಂದ ಕಡೆಗೆ ಅವರವರ ರುಚಿಗಳೂ ಬರುವುವು. ಇದು ಲೋಕದ ರೂಢಿ. ಗುಬ್ಬಿ, ತುಮಕೂರು, ಕುಣಿಗಲುಗಳಂತಹ ಊರುಗಳಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಬೆಣ್ಣೆದೋಸೆಯ ಪಕ್ಕದಲ್ಲಿಯೇ ಗೋಬಿ ಮಂಚೂರಿ, ನೂಡಲ್ಸ್, ಮೋಮೋಗಳ ಗಾಡಿಗಳು ನಿಲ್ಲುವುದು ಈಗ ಯಾರಿಗೂ ಹೊಸತಲ್ಲ.

ರುಚಿಗಳು ಹೀಗೆ ದೇಶ ಸುತ್ತುವುದು ಇಂದಿನ ಮಾತಲ್ಲ. ನಾವು ಯಾವುದಿಲ್ಲದೆ ಸಾರನ್ನೇ ಮಾಡಲಾರೆವೋ ಆ ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗುಗಳಲ್ಲಿ ನಮ್ಮ ಕರಾವಳಿಗೆ ಬಂದಿತು. ಕಡಲೆಕಾಯಿ, ಆಲೂಗೆಡ್ಡೆ, ಟೊಮೇಟೋಗಳ ತವರೂ ಆ ಖಂಡವೇ. ಹೂಕೋಸು 1822ರಲ್ಲಿ ಇಂಗ್ಲೆಂಡಿನಿಂದ ಸಹರಾನ್‌ಪುರದ ತೋಟಕ್ಕೆ ಬಂದ ಬೀಜದಿಂದ ನಮ್ಮ ದೇಶದಲ್ಲಿ ಹಬ್ಬಿದ ತರಕಾರಿ. ಇನ್ನು ಮಂಚೂರಿಯ ಸಂಗತಿ ಮತ್ತೂ ವಿನೋದವಾದುದು. ಕಲ್ಕತ್ತೆಯಲ್ಲಿ ಹುಟ್ಟಿ ಬೆಳೆದ ಚೀನೀಯ ಮನೆತನದ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡಿಗೆಯ ಮನೆಯಲ್ಲಿ, ನಮ್ಮ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಗಳಿಗೆ ಸೋಯಾ ಸಾಸನ್ನು ಸೇರಿಸಿ ಕೋಳಿಯ ಮಾಂಸದಿಂದ ಇದನ್ನು ಮೊದಲು ಮಾಡಿದರೆಂದು ಹೇಳುವರು. ಕೋಳಿಯ ಸ್ಥಾನದಲ್ಲಿ ಹೂಕೋಸು ಬಂದು ಕುಳಿತುದು ಆಮೇಲೆ. ಚೀನಾದ ಮಂಚೂರಿಯಾ ಪ್ರಾಂತಕ್ಕೂ ಈ ತಿಂಡಿಗೂ ಇರುವ ನಂಟು ಹೆಸರಿನದು ಮಾತ್ರ. ಆದಕಾರಣ ಇದನ್ನು ಪರದೇಶದ ತಿಂಡಿಯೆಂದು ದೂರವಿಡುವುದಕ್ಕೆ ಕಾರಣವಿಲ್ಲ.

ಆದರೆ ದೂರವಿಡಬೇಕಾದುದು ಬೇರೊಂದಿದೆ, ಅದು ಬಣ್ಣ. 2024ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕ ಸರಕಾರದವರು ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣಗಳನ್ನು ಹಾಕಬಾರದೆಂದು ನಿಷೇಧಿಸಿದುದು ವಾಚಕರ ನೆನಪಿನಲ್ಲಿರಬಹುದು. ಅದಕ್ಕೆ ಮುಂಚೆ ರಾಜ್ಯದ ನಾನಾ ಕಡೆಗಳಿಂದ ಗೋಬಿ ಮಂಚೂರಿಯ 171 ಮಾದರಿಗಳನ್ನು ತೆಗೆದು ಪರೀಕ್ಷಿಸಲಾಗಿ, 107 ಮಾದರಿಗಳಲ್ಲಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಮೊದಲಾದ ಬಣ್ಣಗಳು ಕಂಡುಬಂದು, ಅವು ತಿನ್ನಲು ಸುರಕ್ಷಿತವಲ್ಲವೆಂದು ತೀರ್ಮಾನವಾಯಿತು. ಮಿಠಾಯಿಯ ಕೆಲವು ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೋಡಮೀನ್-ಬಿ ಎಂಬ ಬಣ್ಣವೇ ಇದ್ದಿತು. ನಿಷೇಧವಾದುದು ತಿಂಡಿಗಲ್ಲ, ಬಣ್ಣಕ್ಕೆ, ಎಂಬುದನ್ನು ಗಮನಿಸತಕ್ಕದ್ದು.

ಹಾಗೆಂದು ಗಾಡಿಯವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಅವನು ಆ ದಿನದ ದುಡಿಮೆಯಿಂದ ಆ ದಿನ ಒಲೆ ಹಚ್ಚಬೇಕಾದವನು. ಕೆಂಪಗೆ ಹೊಳೆಯುವ ತಟ್ಟೆಯ ಮುಂದೆ ಜನ ನಿಲ್ಲುವರು, ಮಾಸಲು ಬಣ್ಣದ್ದನ್ನು ಕಂಡು ಮುಂದೆ ಹೋಗುವರು ಎಂಬುದನ್ನು ಅವನು ಕಂಡಿದ್ದಾನೆ. ಕೆಂಪಿದ್ದರೆ ರುಚಿಯುಂಟೆಂದು ಮಕ್ಕಳ ಕಣ್ಣಿಗೆ ಅಭ್ಯಾಸವಾಗಿಹೋಗಿದೆ. ಆ ಅಭ್ಯಾಸವನ್ನು ಬಿಡಿಸುವುದು ಕಾಯಿದೆಯ ಕೈಯಲ್ಲಿಲ್ಲ. ತಿನ್ನಬೇಡವೆಂದು ಗದರಿಸಿದರೆ ಮಕ್ಕಳು ಕದ್ದು ತಿನ್ನುವರು. ಅದೇ ತಿಂಡಿಯನ್ನು ಮನೆಯಲ್ಲಿ, ಒಳ್ಳೆಯ ಎಣ್ಣೆಯಲ್ಲಿ, ಬಣ್ಣವಿಲ್ಲದೆ, ಬಿಸಿಬಿಸಿಯಾಗಿ ಬಡಿಸಿದರೆ ನಾಲಗೆಯೇ ಕಣ್ಣಿಗೆ ಬುದ್ಧಿ ಹೇಳುವುದು. ಈ ಉದ್ದೇಶದಿಂದ ಮೂರು ಸುಲಭವಾದ ಅಡಿಗೆಗಳನ್ನು ಕೆಳಗೆ ಕೊಟ್ಟಿದ್ದೇವೆ. ಅಳತೆ ನಾಲ್ವರಿಗೆ ಸಾಕಾಗುವಷ್ಟು.

ಬಣ್ಣವಿಲ್ಲದ ಹೂಕೋಸಿನ ಮಂಚೂರಿ

ಅರ್ಧ ಕಿಲೋ ತೂಕದ ಹೂಕೋಸನ್ನು ಸಣ್ಣ ಹೂಗಳಾಗಿ ಬಿಡಿಸಿ, ಉಪ್ಪು ಅರಿಸಿನ ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಹುಳುವಿದ್ದರೆ ಹೊರಬೀಳುವುದು. ಅನಂತರ ನೀರು ಬಸಿದು ಒಣಬಟ್ಟೆಯ ಮೇಲೆ ಹರಡತಕ್ಕದ್ದು. ತೇವ ಉಳಿದರೆ ಗರಿಯಾಗುವುದಿಲ್ಲ.

ಕೆಂಪಿಗೆ ಬೇಕಾದುದು ಹಾವೇರಿಯ ಸೀಮೆಯ ಬ್ಯಾಡಗಿ ಮೆಣಸಿನಕಾಯಿ. ಖಾರ ಕಡಮೆ, ಬಣ್ಣ ಹೆಚ್ಚು, ಎಂಬುದೇ ಅದರ ಕೀರ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಎಂಟು ಕಾಯಿಗಳ ಬೀಜ ತೆಗೆದು, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಯಿಸಿ ನುಣ್ಣಗೆ ಅರೆದಿಟ್ಟುಕೊಳ್ಳುವುದು.

ನಾಲ್ಕು ದೊಡ್ಡ ಚಮಚ ಮೈದಾಹಿಟ್ಟು, ಮೂರು ದೊಡ್ಡ ಚಮಚ ಅಕ್ಕಿಹಿಟ್ಟು, ಅರೆದ ಮೆಣಸಿನಕಾಯಿಯಲ್ಲಿ ಅರ್ಧ ಭಾಗ, ಒಂದು ಚಮಚ ಶುಂಠಿ ಬೆಳ್ಳುಳ್ಳಿಯ ಗೊಜ್ಜು, ಹದವಾಗಿ ಉಪ್ಪು, ಇವನ್ನು ನೀರಿನಲ್ಲಿ ದೋಸೆಯ ಹಿಟ್ಟಿನ ಹದಕ್ಕೆ ಕಲಸಿ, ಹೂಗಳನ್ನು ಅದರಲ್ಲಿ ಅದ್ದಿ, ನಡುಗಾವಿನ ಎಣ್ಣೆಯಲ್ಲಿ ಕರಿದು ತೆಗೆಯುವುದು. ಬಡಿಸುವ ಹೊತ್ತಿಗೆ ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ಮತ್ತೊಮ್ಮೆ ಒಂದು ನಿಮಿಷ ಕರಿದರೆ ಗರಿಗರಿಯಾಗಿ ನಿಲ್ಲುವುದು. ಗಾಡಿಯವರ ಗುಟ್ಟು ಇದೇ, ಬಣ್ಣವಲ್ಲ.

ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಎಂಟು ಎಸಳು ಬೆಳ್ಳುಳ್ಳಿ, ಬೆರಳುದ್ದ ಶುಂಠಿ, ಒಂದು ಈರುಳ್ಳಿ, ಒಂದು ದೊಣ್ಣೆಮೆಣಸಿನಕಾಯಿಗಳನ್ನು ದೊಡ್ಡ ಉರಿಯಲ್ಲಿ ಎರಡು ನಿಮಿಷ ಬಾಡಿಸುವುದು. ಉಳಿದ ಮೆಣಸಿನಕಾಯಿಯ ಗೊಜ್ಜು, ಎರಡು ಸಣ್ಣ ಚಮಚ ಸೋಯಾ ಸಾಸು, ಅಡಿಕೆಯಷ್ಟು ಬೆಲ್ಲ, ಅರ್ಧ ಲೋಟ ನೀರಿನಲ್ಲಿ ಕದಡಿದ ಒಂದು ಚಮಚ ಅಕ್ಕಿಹಿಟ್ಟು, ಇಷ್ಟನ್ನೂ ಹಾಕಿ ಗಟ್ಟಿಯಾಗುವವರೆಗೆ ಕುದಿಸಿ, ಕರಿದ ಹೂಗಳನ್ನು ಹೊರಳಿಸಿ, ಕೆಳಗಿಳಿಸಿ, ನಿಂಬೆಹಣ್ಣಿನ ರಸವನ್ನೂ ಈರುಳ್ಳಿಸೊಪ್ಪನ್ನೂ ಸೇರಿಸುವುದು.

ಉಪ್ಪಿನ ವಿಷಯದಲ್ಲಿ ಒಂದು ಎಚ್ಚರಿಕೆ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿಯೇ ಎರಡು ಗ್ರಾಮಿಗೂ ಮೀರಿದ ಉಪ್ಪು ಇರುವುದು. ವಿಶ್ವ ಆರೋಗ್ಯ ಸಂಸ್ಥೆಯವರು ಬೆಳೆದವರಿಗೆ ದಿನಕ್ಕೆ ಐದು ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂದು ಹೇಳಿರುವರು. ಆದಕಾರಣ ಸಾಸನ್ನು ಹಾಕಿದ ಮೇಲೆ ರುಚಿ ನೋಡದೆ ಉಪ್ಪನ್ನು ಹಾಕಬಾರದು. ರಕ್ತದ ಒತ್ತಡವುಳ್ಳವರ ಮನೆಯಲ್ಲಿ ಸಾಸನ್ನೂ ಅರ್ಧಕ್ಕಿಳಿಸತಕ್ಕದ್ದು.

ಕಾಯಿಹಾಲಿನ ಖಾರದ ಶಾವಿಗೆ

ತುಮಕೂರಿನ ಸೀಮೆಯವರಿಗೆ ಒತ್ತುಶಾವಿಗೆಯನ್ನೂ ಕಾಯಿಹಾಲನ್ನೂ ಪರಿಚಯಮಾಡಿಕೊಡುವುದು ಬೇಡ. ಹಬ್ಬದ ದಿನ ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲನ್ನು ಬಿಸಿ ಶಾವಿಗೆಯ ಮೇಲೆ ಹೊಯ್ದುಕೊಂಡು ಉಣ್ಣದ ಮನೆ ವಿರಳ. ಬರ್ಮಾದೇಶದವರು ಇದೇ ಜೋಡಿಯನ್ನು ಬೆಲ್ಲದ ಬದಲು ಉಪ್ಪು ಈರುಳ್ಳಿಗಳೊಡನೆ ಕೂಡಿಸುವರು. ಅವರು ಅದನ್ನು ಒನ್ನೋ ಖಾವ್‌ಸ್ವೆ ಎನ್ನುವರು. ಅವರದರಲ್ಲಿ ಕೋಳಿಯ ಮಾಂಸವಿರುವುದು; ರಸ ಗಟ್ಟಿಯಾಗುವುದಕ್ಕೆ ಕಡಲೆಹಿಟ್ಟನ್ನು ಹಾಕುವರು. 1962ರಲ್ಲಿ ಬರ್ಮಾದಲ್ಲಿ ಸೈನಿಕರ ಆಡಳಿತವು ಬಂದಮೇಲೆ ಅಲ್ಲಿ ನೆಲೆಸಿದ್ದ ಭಾರತೀಯರು ಸಾವಿರಗಟ್ಟಲೆಯಾಗಿ ಹಿಂದಿರುಗಿದರು. ಅವರಲ್ಲಿ ಹಲವರು ತಮ್ಮ ಶಾವಿಗೆಯ ತಿಂಡಿಗಳನ್ನು ಮದರಾಸಿನ ಬೀದಿಗಳಿಗೆ ತಂದರು. ಆಸ್ತಿಯನ್ನು ಬಿಟ್ಟು ಬಂದವರು ಕೈಯಡಿಗೆಯಿಂದ ಬದುಕನ್ನು ಕಟ್ಟಿಕೊಂಡರು. ಮಾಂಸವಿಲ್ಲದ ನಮ್ಮ ಕ್ರಮ ಹೀಗೆ:

ಮೂರು ಲೋಟ ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಕುದಿಸಿ, ಎರಡು ಲೋಟ ಅಕ್ಕಿಹಿಟ್ಟನ್ನು ಸುರಿದು, ಗಂಟಿಲ್ಲದಂತೆ ತಿರುವಿ, ನಾದಿ, ಉಂಡೆ ಕಟ್ಟಿ, ಹಬೆಯಲ್ಲಿ ಹತ್ತು ನಿಮಿಷ ಬೇಯಿಸಿ, ಬಿಸಿಯಿರುವಾಗಲೇ ಒತ್ತುವುದು. ಹೊತ್ತಿಲ್ಲದವರು ಅಂಗಡಿಯ ಒಣ ಅಕ್ಕಿಶಾವಿಗೆಯನ್ನೋ ರಾಗಿಶಾವಿಗೆಯನ್ನೋ ಬೇಯಿಸಿಕೊಂಡರೂ ನಡೆಯುವುದು.

ಒಂದು ದೊಡ್ಡ ತೆಂಗಿನಕಾಯನ್ನು ತುರಿದು, ಒಂದು ಲೋಟ ಬೆಚ್ಚನೆಯ ನೀರಿನೊಡನೆ ಅರೆದು ಹಿಂಡಿ ಗಟ್ಟಿಹಾಲನ್ನು ಬೇರೆ ಇಡುವುದು. ಅದೇ ಚರಟಕ್ಕೆ ಎರಡು ಲೋಟ ನೀರು ಹಾಕಿ ಮತ್ತೆ ಅರೆದು ಹಿಂಡಿದರೆ ಎರಡನೆಯ ಹಾಲು. ಎರಡು ದೊಡ್ಡ ಚಮಚ ಕಡಲೆಹಿಟ್ಟನ್ನು ಘಮ್ಮೆನ್ನುವವರೆಗೆ ಹುರಿದು ಈ ಎರಡನೆಯ ಹಾಲಿನಲ್ಲಿ ಕದಡತಕ್ಕದ್ದು. ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಎರಡು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಶುಂಠಿ, ಅರಿಸಿನಗಳನ್ನು ಅರೆದ ಗೊಜ್ಜನ್ನು ಹಸಿವಾಸನೆ ಹೋಗುವವರೆಗೆ ಹುರಿದು, ಹುರುಳಿಕಾಯಿ, ಗಜ್ಜರಿ, ಕಾಲವಾದರೆ ಅವರೆಕಾಳು, ಉಪ್ಪು, ಎರಡನೆಯ ಹಾಲು, ಇವನ್ನು ಹಾಕಿ ಬೇಯಿಸುವುದು. ಗಟ್ಟಿಹಾಲನ್ನು ಕೊನೆಯಲ್ಲಿ ಹಾಕಿ, ಒಂದು ಸಲ ಬಿಸಿಯಾದೊಡನೆ ಇಳಿಸಿಬಿಡಬೇಕು. ಹೆಚ್ಚು ಕುದಿದರೆ ಹಾಲು ಒಡೆದು ಎಣ್ಣೆ ತೇಲುವುದು. ಹಿತ್ತಿಲಲ್ಲಿ ಮಜ್ಜಿಗೆಹುಲ್ಲು ಇದ್ದವರು ಎರಡು ಗರಿಗಳನ್ನು ಗಂಟುಕಟ್ಟಿ ಕುದಿಯುವಾಗ ಹಾಕಿ ಆಮೇಲೆ ತೆಗೆದರೆ ಸಯಾಂ ದೇಶದ ಅಡಿಗೆಯ ಪರಿಮಳವೂ ಬರುವುದು.

ಬಟ್ಟಲಿಗೆ ಶಾವಿಗೆಯನ್ನು ಹಾಕಿ, ರಸವನ್ನು ಹೊಯ್ದು, ಹುರಿದು ಕುಟ್ಟಿದ ಕಡಲೆಕಾಯಿ ಬೀಜ, ಕರಿದ ಬೆಳ್ಳುಳ್ಳಿ, ಖಾರದ ಪುಡಿ, ನಿಂಬೆಯ ಹೋಳುಗಳನ್ನು ಬದಿಯಲ್ಲಿ ಇಡುವುದು. ಹಿರಿಯರು ಖಾರ ಕಡಮೆ ಮಾಡಿಕೊಳ್ಳಲಿ, ಕಿರಿಯರು ಹೆಚ್ಚು ಮಾಡಿಕೊಳ್ಳಲಿ; ಒಂದೇ ಅಡಿಗೆಯಲ್ಲಿ ಇಬ್ಬರಿಗೂ ತೃಪ್ತಿಯಾಗುವುದು ಗೃಹಿಣಿಗೆ ಎಷ್ಟು ನೆಮ್ಮದಿಯೆಂದು ಬೇರೆ ಹೇಳಬೇಕೆ?

ಹಬೆಯ ಮೋಮೋ ಕಡುಬು

ಚೀನೀಯರ ಆಡಳಿತಕ್ಕೆ ಸಿಕ್ಕಿ ದೇಶಭ್ರಷ್ಟರಾದ ಟಿಬೆಟ್ಟಿನವರಿಗೆ ಮೈಸೂರು ರಾಜ್ಯವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲವನ್ನು ಕೊಟ್ಟಿತು. 1961ರ ಸುಮಾರಿಗೆ ಅಲ್ಲಿ ಅವರ ವಸತಿಯು ಪ್ರಾರಂಭವಾಯಿತು. ಕಾಡು ಕಡಿದು ಜೋಳ ಬೆಳೆದ ಆ ಜನರ ಮನೆಯ ತಿಂಡಿಯೇ ಮೋಮೋ. ಅವರದು ಹೆಚ್ಚಾಗಿ ಮಾಂಸದ ಹೂರಣ. ಕೋಸಿನ ಹೂರಣವಾದರೆ ನಮ್ಮ ಗಣೇಶನ ಹಬ್ಬದ ಕಡುಬಿನ ಖಾರದ ತಂಗಿಯೆನ್ನಬಹುದು.

ಗೋಧಿಹಿಟ್ಟು ಮೂರು ಪಾಲು, ರಾಗಿಹಿಟ್ಟು ಒಂದು ಪಾಲು, ಒಟ್ಟು ಎರಡು ಲೋಟ ಇರಲಿ. ರಾಗಿ ಇದಕ್ಕಿಂತ ಹೆಚ್ಚಾದರೆ ಮಡಿಸುವಾಗ ಬಿರಿಯುವುದು. ಎಲೆಕೋಸು, ಗಜ್ಜರಿ, ಈರುಳ್ಳಿಗಳನ್ನು ಬಲು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು ಹಿಂಡುವುದು. ಹಿಂಡಿದ ನೀರನ್ನು ಚೆಲ್ಲದೆ ಅದರಿಂದಲೇ ಹಿಟ್ಟನ್ನು ಕಲಸಿದರೆ ಸಾರವೂ ಉಳಿಯುವುದು, ಬೇರೆ ಉಪ್ಪೂ ಬೇಡ. ಹೂರಣಕ್ಕೆ ಶುಂಠಿ, ಮೆಣಸಿನ ಪುಡಿ, ಒಂದು ಚಮಚ ಎಣ್ಣೆ ಸೇರಿಸಿ, ಪೂರಿಯಷ್ಟಗಲ ತೆಳ್ಳಗೆ ಲಟ್ಟಿಸಿದ ಹಾಳೆಗಳಲ್ಲಿ ತುಂಬಿ, ಅಂಚನ್ನು ನಿರಿಗೆ ಹಿಡಿದು ಮುಚ್ಚುವುದು. ಇಡ್ಲಿಯ ಪಾತ್ರೆಯಲ್ಲಿ ಎಣ್ಣೆ ಸವರಿದ ಬಾಳೆಯೆಲೆಯನ್ನು ಹಾಸಿ ಹದಿನೈದು ನಿಮಿಷ ಬೇಯಿಸಿದರೆ ಆಯಿತು. ಎಣ್ಣೆಯಲ್ಲಿ ಕರಿಯುವ ಕೆಲಸವಿಲ್ಲವಾದ್ದರಿಂದ ವಾರಕ್ಕೆರಡು ಸಲ ಮಾಡಿದರೂ ಬಾಧಕವಿಲ್ಲ. ಜೊತೆಗೆ ಸುಟ್ಟ ಟೊಮೇಟೋ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿಗಳ ಚಟ್ನಿಗೆ ಒಂದು ಚಮಚ ಹುರಿದ ಹುಚ್ಚೆಳ್ಳಿನ ಪುಡಿಯನ್ನು ಬೆರೆಸಿ ನೋಡಿರಿ. ಆ ರುಚಿ ಗಾಡಿಯಲ್ಲಿ ದೊರೆಯಲಾರದು.

ನಿರಿಗೆ ಹಿಡಿಯುವ ಕೆಲಸವನ್ನು ಮಕ್ಕಳಿಗೆ, ಹುಡುಗಿಯರಂತೆಯೇ ಹುಡುಗರಿಗೂ, ಕೊಡತಕ್ಕದ್ದೆಂದು ನಮ್ಮ ಅಭಿಪ್ರಾಯ. ತಾನೇ ಮಡಿಸಿದ ಕಡುಬನ್ನು ಯಾವ ಮಗುವೂ ತಟ್ಟೆಯಲ್ಲಿ ಬಿಡುವುದಿಲ್ಲ. ಮನೆಯ ಯಜಮಾನರೂ ಕಾಯಿ ತುರಿದುಕೊಟ್ಟರೆ ಅವರ ಗೌರವಕ್ಕೇನೂ ಕುಂದಿಲ್ಲ. ಹೊಸ ಅಡಿಗೆಯ ಭಾರವೆಲ್ಲ ಒಬ್ಬಳ ತೋಳಿನ ಮೇಲೆ ಬಿದ್ದರೆ ಅದು ಎರಡನೆಯ ವಾರಕ್ಕೆ ನಿಂತುಹೋಗುವುದು. ಆಗ ಮಕ್ಕಳು ಮತ್ತೆ ಕೆಂಪು ತಟ್ಟೆಯನ್ನೇ ಹುಡುಕಿಕೊಂಡು ಹೋಗುವರು.

ತೆಂಗು, ರಾಗಿ, ಹುಚ್ಚೆಳ್ಳು, ಕಡಲೆಕಾಯಿಗಳು ನಮ್ಮ ಸೀಮೆಯ ಸಂಪತ್ತು. ಅವುಗಳಿಂದ ಬರ್ಮಾದವರ ರಸವನ್ನೂ ಟಿಬೆಟ್ಟಿನವರ ಕಡುಬನ್ನೂ ಮಾಡಿದರೆ ನಮ್ಮತನವೇನೂ ಕಡಮೆಯಾಗುವುದಿಲ್ಲ. ನಮ್ಮ ರೈತನ ಕಾಯಿಗೆ ಇನ್ನೊಂದು ಉಪಯೋಗ ದೊರೆತಂತಾಗುವುದು, ಮಕ್ಕಳ ಆರೋಗ್ಯವೂ ಉಳಿಯುವುದು. ಬರುವ ಭಾನುವಾರ ಮೂರರಲ್ಲಿ ಒಂದನ್ನಾದರೂ ಮಾಡಿ ನೋಡಬೇಕೆಂದು ವಾಚಕರಲ್ಲಿ ಅರಿಕೆಮಾಡಿಕೊಳ್ಳುತ್ತೇವೆ.